ಮಘಾ ಮಳೆ ರಿಪೇರಿ ಮಾಡಿದ ನಿಗಮಕ್ಕೆ

ಕುಸುಬಿಹಾಳ,
ತಾಲ್ಲೂಕು ಕುಂದಗೋಳ, ಜಿಲ್ಲೆ ಧಾರವಾಡ.
೨೧ ನವೆಂಬರ್ ೧೯೮೮

ಮಾನ್ಯ ನಿರ್ದೇಶಕರು, ಹವೆ ಸುಧಾರಣಾ ನಿಗಮ, ಬೆಂಗಳೂರು, ಇವರ ಸನ್ನಿಧಿಗೆ.

ವಿಷಯ: ನಮ್ಮ ಊರಿನ ಹವೆಯನ್ನು ಸುಧಾರಿಸಿದ್ದಕ್ಕಾಗಿ ಕೃತಜ್ಞತೆ, ಮತ್ತು ಸದರಿ ಸುಧಾರಣೆಯನ್ನು ಹಿಂದಕ್ಕೆ ಪಡೆಯಬೇಕೆಂಬ ವಿನಂತಿ.

ಮಾನ್ಯರೇ,

ತಮಗೂ, ತಮ್ಮ ಉಪನಿರ್ದೇಶಕರಿಗೂ, ತಮ್ಮ ಕಚೇರಿಯ ಮೇಲೆ ಇನ್ನೂ ಯಾವ ಆದೇಶವೂ ಇಲ್ಲದೆ ಹಾದುಹೋಗುತ್ತಿರುವ ಮೋಡಗಳಿಗೂ ಕುಸುಬಿಹಾಳದ ಒಬ್ಬ ಹಳೆಯ ನಿವಾಸಿಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸಿದ್ದೇನೆ. ಹವೆಯನ್ನೇ ಸುಧಾರಿಸುವವರು ಕ್ಷೇಮವಾಗಿರದೆ ಇನ್ನಾರು ಇರಬೇಕು? ನಾವೂ ಕ್ಷೇಮವೇ. ಹಾಗೆಂದು ತಮ್ಮ ಈ ಸಾಲಿನ ಪ್ರಗತಿ ವರದಿಯ ನಲವತ್ತೊಂದನೆಯ ಪುಟದಲ್ಲಿ ಅಚ್ಚಾಗಿರುವುದರಿಂದ, ಅದನ್ನು ಅಲ್ಲಗಳೆಯುವ ಅಧಿಕಾರ ನಮಗಿಲ್ಲ.

ಇದೇ ತಿಂಗಳ ಏಳನೆಯ ತಾರೀಖು ತಾವು ಖುದ್ದಾಗಿ ನಮ್ಮ ಊರಿಗೆ ದಯಮಾಡಿಸಿ, ಚಾವಡಿಯ ಗೋಡೆಗೆ ಒಂದು ಹಿತ್ತಾಳೆಯ ಫಲಕ ಜಡಿಸಿ ಹೋದಿರಿ. ‘ಹವಾಮಾನ ಬದಲಾವಣೆಯನ್ನು ಹಿಮ್ಮೆಟ್ಟಿಸಿದ ರಾಜ್ಯದ ಪ್ರಥಮ ಗ್ರಾಮ’ ಎಂದು ಅದರ ಮೇಲೆ ಕೆತ್ತಿದೆ. ಫಲಕ ಚೆನ್ನಾಗಿದೆ, ಮೊಳೆಗಳೂ ಗಟ್ಟಿಯಾಗಿವೆ. ಆದರೆ ಅದೇ ಜೀಪಿನಲ್ಲಿ, ಅದೇ ದಿನ, ಇನ್ನೊಂದು ಕಾಗದವೂ ಬಂದಿಳಿಯಿತು. ನಮ್ಮ ಊರು ಕುಡಿಯುವ ಏಕೈಕ ಕೆರೆಯ ಹೂಳೆತ್ತಲು ಹೋದ ವರ್ಷ ತಾವು ಕೊಟ್ಟಿದ್ದ ಮಂಜೂರಾತಿಯನ್ನು, ನಮ್ಮ ಹವೆ ಸುಧಾರಿಸಿದ ಕಾರಣದಿಂದ, ರದ್ದುಪಡಿಸಲಾಗಿದೆ ಎಂದು ಅದರಲ್ಲಿತ್ತು. ಈ ಫಲಕಕ್ಕೂ ಆ ಕಾಗದಕ್ಕೂ ನಡುವೆ ಸಿಕ್ಕಿಕೊಂಡ ಒಂದು ಊರಿನ ವೃತ್ತಾಂತವನ್ನು ತಮ್ಮ ಅಮೂಲ್ಯ ಸಮಯದ ಅರ್ಧ ಗಂಟೆಯನ್ನು ಬೇಡಿ ನಿವೇದಿಸುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಅಂತರಂಗವಾಗಿ ಎರಡು ಸಲ ಬರೆದಾಯಿತು.

ನಾನು ಈ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪೋಸ್ಟ್‌ಮಾಸ್ತರನಾಗಿ ಕೆಲಸ ಮಾಡಿ ೧೯೮೬ರ ಕೊನೆಗೆ ನಿವೃತ್ತನಾದವನು. ಅಂಚೆಯವನಿಗೆ ಮುಚ್ಚಿದ ಲಕೋಟೆ ದೇವರ ಸಮಾನ. ತೆರೆದ ಕಾರ್ಡು ಮಾತ್ರ ಕಣ್ಣಿಗೆ ಬಿದ್ದೇ ಬೀಳುತ್ತದೆ. ೧೯೮೨ರ ಬೇಸಿಗೆಯಲ್ಲಿ ತಮ್ಮ ನಿಗಮವು ಚಾವಡಿಯ ಮುಂದಿನ ಬಯಲಿನಲ್ಲಿ ಮಳೆ ಅಳೆಯುವ ಒಂದು ಮಾಪಕವನ್ನು ನೆಟ್ಟಾಗ, ದಿನಕ್ಕೊಂದು ಕಾರ್ಡಿನಂತೆ ತಮಗೆ ಹೋದ ಲೆಕ್ಕವೆಲ್ಲ ನನ್ನ ಠಸ್ಸೆಯ ಕೆಳಗೇ ಹಾದುಹೋಗಿದೆ. ಊರವರು ಅದನ್ನು ಮಳಿ ಡಬ್ಬಿ ಎಂದು ಕರೆದರು. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ, ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಕೊಳವೆ. ಅದನ್ನು ನೋಡಿಕೊಳ್ಳಲು ತಾವು ನೇಮಿಸಿದ್ದು ಊರ ಕಾವಲಿನ ನಮ್ಮ ವಾಲೀಕಾರ ಬೀರಲಿಂಗಪ್ಪನನ್ನು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಅಕ್ಷರ ಮುತ್ತಿನಂತೆ, ಮನುಷ್ಯ ಅದಕ್ಕಿಂತ ಚೊಕ್ಕ. ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಬಾಟಲಿ ತೆಗೆದು, ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ಓದಿ ಕಾರ್ಡಿನ ಮೇಲೆ ಬರೆಯುತ್ತಿದ್ದನು. ತಾವು ಕೊಟ್ಟ ಸೂಚನಾಪತ್ರದಲ್ಲಿ ‘ಬಾಟಲಿಯಲ್ಲಿರುವುದನ್ನು ಅಳೆದು ಬರೆಯತಕ್ಕದ್ದು, ಊಹಿಸಿ ಬರೆಯತಕ್ಕದ್ದಲ್ಲ’ ಎಂಬ ವಾಕ್ಯವಿದೆ. ಆ ವಾಕ್ಯಕ್ಕೆ ರಾಜ್ಯದಲ್ಲಿ ಇವನಷ್ಟು ನಿಷ್ಠನಾದ ನೌಕರ ತಮಗೆ ಸಿಕ್ಕಿರಲಾರ. ಸಿಕ್ಕಿದ್ದು ತಮ್ಮ ದುರದೃಷ್ಟವೆಂದೇ ಹೇಳಬೇಕು.

ಇಲ್ಲಿ ಬೆಂಗಳೂರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಶ್ರಾವಣದ ಆಸುಪಾಸಿನಲ್ಲಿ ಹದಿನಾಲ್ಕು ದಿನ ಬೀಳುವ ಮಘಾ ಮಳೆಯ ನೀರನ್ನು ನಮ್ಮ ಕಡೆಯ ಹೆಂಗಸರು ಹಿಡಿದು, ಬಾಟಲಿಯಲ್ಲಿ ತುಂಬಿ, ವರ್ಷವಿಡೀ ಕೆಡದಂತೆ ಇಟ್ಟುಕೊಳ್ಳುತ್ತಾರೆ. ಕೂಸಿನ ಹೊಟ್ಟೆನೋವಿಗೆ ಒಂದು ಒಳಲೆ, ಕಣ್ಣು ಬೇನೆಗೆ ಎರಡು ಹನಿ. ಅದರ ಗುಣದ ಬಗ್ಗೆ ನಾನು ಪ್ರಮಾಣ ಮಾಡಲಾರೆ. ನನ್ನ ಕನ್ನಡಕದ ನಂಬರು ಅದರಿಂದೇನೂ ಇಳಿದಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. ಆ ನೀರು ನೆಲ ಮುಟ್ಟಿರಬಾರದು, ಅದರ ಮೇಲೆ ಬಿಸಿಲು ಬಿದ್ದಿರಬಾರದು, ಕೇಳಿದವರಿಗೆ ಇಲ್ಲವೆನ್ನಬಾರದು. ನಮ್ಮವು ಮಣ್ಣಿನ ಮಾಳಿಗೆಯ ಮನೆಗಳಾದ್ದರಿಂದ ಮಾಳಿಗೆಯಿಂದಿಳಿಯುವ ನೀರಿಗೆ ಚಹಾದ ಬಣ್ಣವಿರುತ್ತದೆ. ಅದಕ್ಕಾಗಿ ಹಿಂದಿನಿಂದಲೂ ಒಗೆದ ಬಿಳಿ ಧೋತರವನ್ನು ನಾಲ್ಕು ಕೋಲಿಗೆ ಬಿಗಿದು, ನಡುವೆ ಒಂದು ನುಣುಪುಗಲ್ಲಿಟ್ಟು, ಅದರಡಿ ತಂಬಿಗೆ ಇಡುವುದು ರೂಢಿ. ಹೊತ್ತು ಮೂಡುವ ಮುನ್ನವೇ ತಂಬಿಗೆ ಒಳಗೆ ಹೋಗಬೇಕು.

ಹೀಗಿರುವಾಗ ಸರ್ಕಾರವು ಊರ ನಡುವೆ, ನೆಲದಿಂದ ಎತ್ತರದಲ್ಲಿ, ಧೂಳಿಲ್ಲದ ಲಾಳಿಕೆಯನ್ನೂ ಮುಚ್ಚಿದ ಬಾಟಲಿಯನ್ನೂ ತಾನಾಗಿ ತಂದು ನೆಟ್ಟರೆ ನಮ್ಮ ಹೆಂಗಸರು ಅದನ್ನು ಏನೆಂದು ತಿಳಿಯಬೇಕಿತ್ತು? ಇಷ್ಟು ವರ್ಷಗಳ ಮೇಲೆ ಸರ್ಕಾರಕ್ಕೆ ತಮ್ಮ ಅನುಕೂಲ ನೆನಪಾಯಿತೆಂದೇ ತಿಳಿದರು. ಮೊದಲು ಕಂಡುಹಿಡಿದವಳು ದುರ್ಗವ್ವ. ಊರಿನ ಅರ್ಧದಷ್ಟು ಜನರನ್ನು ಈ ಲೋಕಕ್ಕೆ ಬರಮಾಡಿಕೊಂಡ ಸೂಲಗಿತ್ತಿ. ಎಪ್ಪತ್ತು ದಾಟಿದ್ದಾಳೆ, ಯಾರ ಮುಲಾಜೂ ಇಟ್ಟುಕೊಂಡವಳಲ್ಲ. ೧೯೮೨ರ ಮಘೆಯಲ್ಲಿ ಆಕೆ ನಸುಕಿಗೆದ್ದು ಬಾಟಲಿಯನ್ನು ತನ್ನ ತಂಬಿಗೆಗೆ ಬಗ್ಗಿಸಿಕೊಂಡು, ಬಾಟಲಿಯನ್ನು ಒರೆಸಿ ಇದ್ದಲ್ಲಿಯೇ ಇಟ್ಟು ಮನೆಗೆ ಹೋದಳು. ಮರುದಿನ ಕೆಂಚವ್ವ, ಅದರ ಮರುದಿನ ಹಸೀನಾಬಿ. ಹದಿನಾಲ್ಕು ದಿನವೂ ಸರದಿ ತಪ್ಪಲಿಲ್ಲ, ಬಾಟಲಿ ಒಡೆಯಲಿಲ್ಲ, ಜಗಳವಾಗಲಿಲ್ಲ. ಸಾರ್ವಜನಿಕ ಸೊತ್ತನ್ನು ಇಷ್ಟು ಅಚ್ಚುಕಟ್ಟಾಗಿ ಬಳಸಿದ ಉದಾಹರಣೆ ಇನ್ನೊಂದಿದ್ದರೆ ತಾವು ತಿಳಿಸಬೇಕು.

ಎಂಟೂವರೆಗೆ ಬೀರಲಿಂಗಪ್ಪ ಬಂದು ನೋಡಿದರೆ ಬಾಟಲಿ ಖಾಲಿ. ‘ಸೊನ್ನೆ’ ಎಂದು ಬರೆದು ಕಾರ್ಡು ಹಾಕಿದನು. ಕಾಲಡಿಯಲ್ಲಿ ಕೆಸರು, ತಲೆಯ ಮೇಲೆ ಗೋಣಿಕೊಪ್ಪೆ, ಕೈಯಲ್ಲಿ ಸೊನ್ನೆಯ ಕಾರ್ಡು; ಅದೂ ತೊಯ್ದು ಅಕ್ಷರ ಕದಡಿರುತ್ತಿತ್ತು. ತಮ್ಮ ಕಚೇರಿಯಲ್ಲಿ ಯಾರಾದರೂ ಆ ಕಾರ್ಡನ್ನು ಓದುವುದರ ಬದಲು ಮುಟ್ಟಿದ್ದರೂ ಸಾಕಿತ್ತು. ನಾನೇ ಕಿಟಕಿಯಿಂದ ಅವನನ್ನು ಕೇಳಿದ್ದೇನೆ, ಇದೇನಪ್ಪಾ, ನಿನ್ನೆ ಇಡೀ ಸುರಿದಿದೆಯಲ್ಲ ಎಂದು. ಅವನು ಶಾಂತವಾಗಿ, “ಮುಗಲಾಗ ಏನಿತ್ತು ಅಂತ ಅವ್ರು ಕೇಳಿಲ್ರಿ ಮಾಸ್ತರ. ಬಾಟಲ್ಯಾಗ ಏನೈತಿ ಅಂತ ಕೇಳ್ಯಾರ” ಎಂದನು. ಹೆಂಗಸರು ನೀರು ಒಯ್ಯುವುದು ಅವನಿಗೆ ಗೊತ್ತಿತ್ತು. ಆದರೆ ಮಘೆಯ ನೀರು ಒಯ್ಯುವವರನ್ನು ತಡೆಯುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ, ಮತ್ತು ಬಾಟಲಿಯಲ್ಲಿಲ್ಲದ್ದನ್ನು ಬರೆಯುವುದು ತಾವು ಬೇಡವೆಂದ ಕೆಲಸ. ಎರಡು ಕಟ್ಟಳೆಗಳನ್ನೂ ಅವನು ಪಾಲಿಸಿದನು. ಐದು ವರ್ಷ, ೧೯೮೨ರಿಂದ ೮೬ರವರೆಗೆ, ಮಘೆಯ ಹದಿನಾಲ್ಕೂ ದಿನ ಸೊನ್ನೆ. ಒಂದೆರಡು ಸಲ ನಸುಕಿಗೂ ಎಂಟೂವರೆಗೂ ನಡುವೆ ನಾಲ್ಕು ಹನಿ ಬಿದ್ದು ಒಂದು ಮಿಲಿಮೀಟರ್ ದಾಖಲಾಗಿದ್ದುಂಟು. ಅದನ್ನು ತಮ್ಮ ವರದಿಯು ‘ಮಘಾ ಮಳೆಯ ಕೊನೆಯುಸಿರು’ ಎಂದು ಕರೆದಿರುವುದನ್ನು ಓದಿ ನಾನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ದಕ್ಷಿಣ ಧ್ರುವದ ಮೇಲಿನ ಆಕಾಶದಲ್ಲಿ ಏನೋ ಒಂದು ತೂತು ಬಿದ್ದಿದೆಯೆಂದು ಪತ್ರಿಕೆಗಳಲ್ಲಿ ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ಅಷ್ಟರಲ್ಲಿಯೇ ತಾವು ಕುಂದಗೋಳ ತಾಲ್ಲೂಕಿಗೂ ಒಂದು ತೂತನ್ನು ದೊರಕಿಸಿಕೊಟ್ಟಿರಿ. ಸಂಶಿಯಲ್ಲಿ ಮಳೆ ಇದೆ, ಕುಂದಗೋಳದಲ್ಲಿ ಮಳೆ ಇದೆ, ನಡುವೆ ಕುಸುಬಿಹಾಳದ ಮೇಲೆ ಮಾತ್ರ ಹದಿನಾಲ್ಕು ದಿನ ಆಕಾಶ ಬತ್ತಿದೆ. ನಕಾಶೆಯ ಮೇಲೆ ಕೆಂಪು ಶಾಯಿಯ ಒಂದು ಗುಂಡು ವೃತ್ತ, ಅದಕ್ಕೆ ‘ಮಘಾ ರಂಧ್ರ’ ಎಂಬ ಹೆಸರು. ಸಂಶಿ ಇಲ್ಲಿಂದ ಎರಡು ಮೈಲು. ಅಲ್ಲಿಂದ ಮಳೆಯಲ್ಲಿ ನೆನೆಯುತ್ತ ಸೈಕಲ್ಲಿನ ಮೇಲೆ ಬರುವವನು ನಮ್ಮ ಊರ ಸೀಮೆಯ ಕಲ್ಲು ದಾಟಿದೊಡನೆ ಒಣಗಬೇಕಲ್ಲವೇ ಎಂಬ ಪ್ರಶ್ನೆ ವಿಜ್ಞಾನದ್ದಲ್ಲವೆಂದು ತಾವು ಕೇಳಿಕೊಳ್ಳಲಿಲ್ಲ.

ಆದರೂ ತಾವು ವಿಚಾರಣೆಯಿಲ್ಲದೆ ಬಿಡಲಿಲ್ಲ. ತಮ್ಮ ಕ್ಷೇತ್ರಾಧಿಕಾರಿಗಳು ೧೯೮೬ರ ನವೆಂಬರಿನಲ್ಲಿ ಬಂದು ಬೀರಲಿಂಗಪ್ಪನನ್ನು ನಿಲ್ಲಿಸಿ ಕೇಳಿದರು, ಮಘೆಯಲ್ಲಿ ಇಲ್ಲಿ ಮಳೆ ಬೀಳುವುದಿಲ್ಲವೇ ಎಂದು. “ಬೀಳತೈತ್ರಿ” ಎಂದನು. ಹಾಗಾದರೆ ಬಾಟಲಿಯಲ್ಲಿ? “ಬಾಟಲ್ಯಾಗ ಇರಂಗಿಲ್ರಿ.” ಅಧಿಕಾರಿಗಳಿಗೆ ಮೂರನೆಯ ಪ್ರಶ್ನೆ ಹೊಳೆಯಲಿಲ್ಲ; ಅವರ ಜೀಪು ಕಾಯುತ್ತಿತ್ತು. ದುರ್ಗವ್ವನ ಹೆಸರನ್ನು ಕೇಳದೆಯೇ ಸರ್ಕಾರದ ಕೈಗೆ ಕೊಡುವುದು ಬೀರಲಿಂಗಪ್ಪನಿಗೆ ಸರಿದೋರಲಿಲ್ಲ. ಹೀಗಾಗಿ, ‘ಸ್ಥಳೀಯ ಎರೆಭೂಮಿಯ ಅಸಾಧಾರಣ ಉಷ್ಣತೆಯಿಂದ ಮಳೆಯು ಮಾಪಕವನ್ನು ತಲುಪುವ ಮುನ್ನವೇ ಆವಿಯಾಗುತ್ತಿದೆ’ ಎಂಬ ಸಿದ್ಧಾಂತ ಹುಟ್ಟಿತು. ಆಗಸ್ಟಿನಲ್ಲಿ ಎರೆಹೊಲಕ್ಕೆ ಕಾಲಿಟ್ಟು ಮೊಣಕಾಲವರೆಗೆ ಹೂತು, ಒಂದು ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಬಂದ ಯಾರೇ ಆಗಲಿ ಈ ಸಿದ್ಧಾಂತವನ್ನು ಗೌರವದಿಂದ ಕಾಣುತ್ತಾರೆ.

ಆಗ ನಾನು ಮೊದಲನೆಯ ಪತ್ರ ಬರೆದೆ. ನಡೆದದ್ದನ್ನೆಲ್ಲ ತಿಳಿಸಿ, ಪರಿಹಾರವನ್ನೂ ಸೂಚಿಸಿದ್ದೆ. ವರ್ಷದಲ್ಲಿ ಹದಿನಾಲ್ಕು ದಿನ ಮಾತ್ರ ಬೀರಲಿಂಗಪ್ಪನು ಎಂಟೂವರೆಯ ಬದಲು ನಸುಕಿನ ಐದೂವರೆಗೆ ಅಳೆಯಲಿ. ಅಳೆದ ನೀರನ್ನು ಚೆಲ್ಲುವ ಬದಲು ಹೆಂಗಸರ ತಂಬಿಗೆಗೆ ಸುರಿಯಲಿ. ತಮಗೆ ಅಂಕಿ, ಅವರಿಗೆ ನೀರು, ಇಷ್ಟಕ್ಕೆ ಒಂದು ಸಾಲಿನ ಆದೇಶ ಸಾಕು. ತಮ್ಮಿಂದ ಉತ್ತರ ಬಂತು. ‘ಹವೆಯ ಬಗ್ಗೆ ತಾವು ತೋರಿದ ಆಸಕ್ತಿಗೆ ನಿಗಮವು ಆಭಾರಿಯಾಗಿದೆ’ ಎಂದು ಅಚ್ಚಾದ ಕಾರ್ಡು. ಖಾಲಿ ಜಾಗದಲ್ಲಿ ನನ್ನ ಹೆಸರಿನ ಬದಲು ‘ಶ್ರೀಮತಿ’ ಎಂದು ಮಾತ್ರ ತುಂಬಿತ್ತು.

ಇದಾದ ಮೇಲೆ ನಡೆದದ್ದನ್ನು ಹೇಳುವಾಗ ನನ್ನ ಲೇಖನಿ ಸ್ವಲ್ಪ ತಡವರಿಸುತ್ತದೆ. ೧೯೮೭ರ ಮಾರ್ಚಿನಲ್ಲಿ, ಮಘಾ ಮಳೆ ಕಳೆದುಕೊಂಡ ನತದೃಷ್ಟ ಗ್ರಾಮವೆಂದು ನಮಗೆ ಪರಿಹಾರವಾಗಿ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಯಿತು; ಸಲಿಕೆ ಮಾತ್ರ ಇಂದಿಗೂ ಬಿದ್ದಿಲ್ಲ. ನಮ್ಮ ಬಾವಿಗಳ ನೀರು ಸವಳು. ದನ ಕೂಡ ಮೂಸಿ ಬಿಡುತ್ತದೆ. ಕುಡಿಯಲು ಇರುವುದೊಂದೇ ಹಿರೇಕೆರೆ. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಅದರ ನೀರು ಮುಟ್ಟಲು ಹದಿನೇಳು ಮೆಟ್ಟಿಲು ಇಳಿಯಬೇಕಿತ್ತು. ಈಗ ಕೆರೆ ಪೂರಾ ಬತ್ತಿದರೂ ಕಾಣುವುದು ಆರೇ ಮೆಟ್ಟಿಲು. ಹನ್ನೊಂದು ಮೆಟ್ಟಿಲುಗಳು ಹೂಳಿನಡಿ ಮಲಗಿವೆ. ಅಂದಿನ ಕೆರೆ ಮೃಗಶಿರೆ ಮಳೆಯವರೆಗೂ ಸಾಲುತ್ತಿತ್ತು, ಇಂದಿನದು ಶಿವರಾತ್ರಿಗೆ ಮುಗಿಯುತ್ತದೆ. ಆಮೇಲೆ ಮೂರು ತಿಂಗಳು ನಮ್ಮ ಹೆಂಗಸರು ಸಂಶಿಗೆ ನಡೆದು ಹೋಗಿ ಕೊಡ ತರುತ್ತಾರೆ. ಹೋಗುತ್ತ ಎರಡು ಮೈಲು, ಬರುತ್ತ ಎರಡು; ಬರುವಾಗಿನ ಮೈಲುಗಳು ಉದ್ದ.

ಆ ಹೊತ್ತಿಗೆ ನಾನು ಎರಡನೆಯ ಪತ್ರವನ್ನು ಬರೆದು ಮುಗಿಸಿ ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಮಂಡಲ ಪಂಚಾಯತಿಯ ಪ್ರಧಾನ ಮಲಕಪ್ಪ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಲಕೋಟೆಯನ್ನು ನೋಡಿ ಹೇಳಿದನು: “ಮಾಸ್ತರ, ಖರೇ ಬರೀಬ್ಯಾಡ್ರಿ ಅನ್ನಂಗಿಲ್ಲ ನಾ. ಕೆರಿ ಹೂಳು ತಗದ ಮ್ಯಾಲ ಬರೀರಿ.”

ನಾನು ಆ ಪತ್ರವನ್ನು ಹಾಕಲಿಲ್ಲ. ಜೀವಮಾನವಿಡೀ ಒಂದು ಕಾಗದವನ್ನೂ ತಡೆಹಿಡಿಯದ ನಾನು ನನ್ನದೇ ಕಾಗದವನ್ನು ಇಪ್ಪತ್ತು ತಿಂಗಳು ಟ್ರಂಕಿನಲ್ಲಿಟ್ಟೆ. ಸುಳ್ಳಿನ ಮೇಲೆ ಕೆರೆ ತೋಡಿಸಿಕೊಳ್ಳಲು ಒಪ್ಪಿದ್ದು ತಪ್ಪು. ಅದರಲ್ಲಿ ನನ್ನ ಪಾಲನ್ನು ತಮ್ಮ ಮುಂದಿನ ವರದಿಯಲ್ಲಿ ನಮೂದಿಸಬಹುದು. ಆದರೆ ಹೂಳು ಸುಳ್ಳಾಗಿರಲಿಲ್ಲ. ಹನ್ನೊಂದು ಮೆಟ್ಟಿಲುಗಳನ್ನು ಮೂವತ್ತು ವರ್ಷ ಅರ್ಜಿಯಲ್ಲಿ ತೋರಿಸಿದೆವು, ಯಾರೂ ನೋಡಲಿಲ್ಲ. ಒಂದು ಖಾಲಿ ಬಾಟಲಿಯನ್ನು ತೋರಿಸಿದಾಗ ಜೀಪು ಬಂತು. ಬಂದ ಜೀಪನ್ನು ಹಿಂದಕ್ಕೆ ಕಳಿಸುವಷ್ಟು ಸತ್ಯವಂತ ನಾನಾಗಲಿಲ್ಲ.

ಆ ವರ್ಷದ ಮಘೆಯನ್ನು ಮಾತ್ರ ತಾವು ಗಮನಿಸಬೇಕಿತ್ತು. ೧೯೮೭ರಲ್ಲಿ ಮಘೆ ನಿಜವಾಗಿಯೂ ಬರಲಿಲ್ಲ. ಹೆಂಗಸರು ಹದಿನಾಲ್ಕು ನಸುಕು ಎದ್ದು ಹೋಗಿ ಒಣ ತಂಬಿಗೆ ಹಿಡಿದು ತಿರುಗಿ ಬಂದರು. ದುರ್ಗವ್ವನ ಮನೆಯ ಗೂಡಿನಲ್ಲಿ ಹಿಂದಿನ ವರ್ಷದ ಬಾಟಲಿಯ ತಳದಲ್ಲಿ ಉಳಿದಿದ್ದಷ್ಟೇ ಊರಿಗೆಲ್ಲ. ಬೀರಲಿಂಗಪ್ಪ ಎಂದಿನಂತೆ ಸೊನ್ನೆ ಬರೆದನು, ಎಂದಿನ ಅದೇ ಮುತ್ತಿನಂಥ ಸೊನ್ನೆ. ಆದರೆ ಆ ಕಾರ್ಡುಗಳು ತೊಯ್ದಿರಲಿಲ್ಲ. ತಮ್ಮ ವರದಿಯಲ್ಲಿ ಆರು ಸೊನ್ನೆಗಳು ಒಂದೇ ಸಾಲಿನಲ್ಲಿ ಕೈಕೈ ಹಿಡಿದು ನಿಂತಿವೆ. ಐದು ಸೊನ್ನೆಗಳಲ್ಲಿ ಊರು ತುಂಬ ಮಳೆಯಿತ್ತು, ಒಂದರಲ್ಲಿ ಊರು ಬಾಯಿ ಬಿಟ್ಟು ಆಕಾಶ ನೋಡುತ್ತಿತ್ತು. ಹವೆ ನಿಜವಾಗಿ ಕೆಟ್ಟದ್ದು ಯಾವಾಗ ಎಂದು ಊರಿನ ಎಮ್ಮೆಗೂ ಗೊತ್ತು, ಅದಕ್ಕಾಗಿಯೇ ಇರುವ ನಿಗಮಕ್ಕೆ ಗೊತ್ತಿಲ್ಲ. ಮೊದಲು ಮೃಗಶಿರೆಗೆ ಬಿತ್ತುತ್ತಿದ್ದ ಹೆಸರುಕಾಳನ್ನು ಈಗ ಪುಷ್ಯ ಮಳೆಯವರೆಗೆ ಕಾದು ಬಿತ್ತುತ್ತೇವೆ. ಸಂಕ್ರಾಂತಿಗೂ ಹರಿಯುತ್ತಿದ್ದ ಹಳ್ಳ ದೀಪಾವಳಿಗೆ ನಿಲ್ಲುತ್ತದೆ, ದಂಡೆಯ ಜಾಲಿಗಳೆಲ್ಲ ಇಟ್ಟಿಗೆ ಭಟ್ಟಿಗೆ ಹೋದವು. ಇವೆಲ್ಲವೂ ಬಾಟಲಿಯ ಹೊರಗೆ ನಡೆಯುವ ಸಂಗತಿಗಳಾದ್ದರಿಂದ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆ.

ತಮ್ಮ ಚಿಕಿತ್ಸೆಗೆ ಬರುತ್ತೇನೆ. ೧೯೮೭ರ ಜೂನಿನಲ್ಲಿ ಮಾಪಕದ ಸುತ್ತ ನಾಲ್ಕುನೂರು ನೀಲಗಿರಿ ಸಸಿ ನೆಟ್ಟು ‘ಮೋಡ ಆಕರ್ಷಣಾ ವನ’ ಎಂಬ ಹಲಗೆ ಹಾಕಿದಿರಿ. ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ, ಬಿರುಕು ಎಳೆಯ ಬೇರನ್ನು ಹರಿಯುತ್ತದೆ ಎಂದು ನಮ್ಮ ದನಗಾಹಿಗಳು ಹೇಳಿದರು. ಅವರು ಪದವೀಧರರಲ್ಲವಾದ್ದರಿಂದ ಸಸಿಗಳು ಏಪ್ರಿಲಿನ ಹೊತ್ತಿಗೆ ತಾವೇ ಸತ್ತು ಅದನ್ನು ರುಜುವಾತುಪಡಿಸಬೇಕಾಯಿತು. ಸಸಿಗಳಿಗೆ ಕಟ್ಟಿದ್ದ ಬಿದಿರಿನ ಬುಟ್ಟಿಗಳು ಮಾತ್ರ ವ್ಯರ್ಥವಾಗಿಲ್ಲ. ಊರಿನ ಕೋಳಿಗಳೆಲ್ಲ ಈಗ ಅವುಗಳಡಿ ಸುಖವಾಗಿವೆ. ಒಂದೊಂದು ಬುಟ್ಟಿಯ ಮೇಲೂ ಹವೆ ಸುಧಾರಣಾ ನಿಗಮ ಎಂದು ಬಣ್ಣದಲ್ಲಿ ಬರೆದಿದೆ. ತಮ್ಮ ಹೆಸರಿನ ಕೆಳಗೆ ಜೀವಂತವಾಗಿರುವುದು ಸದ್ಯಕ್ಕೆ ಅವೇ.

ವನ ಸತ್ತ ಮೇಲೆ, ಸತ್ತ ವನಕ್ಕೆ ರಕ್ಷಣೆ ಬೇಕೆಂದು ಈ ವರ್ಷ ಮೇ ತಿಂಗಳಲ್ಲಿ ಕಬ್ಬಿಣದ ಕಂಬ, ಮುಳ್ಳುತಂತಿ, ಬಾಗಿಲು ಮತ್ತು ಬೀಗ ಬಂದವು. ಬೇಲಿಯೊಳಗೆ ಮಾಪಕವೂ ಸೇರಿತು. ಕೀಲಿಕೈ ಬೀರಲಿಂಗಪ್ಪನ ಉಡದಾರದಲ್ಲಿ. ಎಂಟೂವರೆಗೆ ಮುನ್ನ ಬಾಗಿಲು ತೆರೆಯತಕ್ಕದ್ದಲ್ಲವೆಂದು ಅವನಿಂದ ಬರೆಸಿಕೊಂಡು ಸಹಿ ಪಡೆದಿರಿ. ಅವನು ಸಹಿ ಮಾಡಿದ ಮಾತಿಗೆ ತಪ್ಪುವವನಲ್ಲ. ಮಘೆಯ ಮೊದಲ ನಸುಕಿಗೆ ದುರ್ಗವ್ವ ತಂಬಿಗೆ ಹಿಡಿದು ಹೋಗಿ, ಬೀಗ ನೋಡಿ, ಅವನ ಮನೆಯ ಬಾಗಿಲಿಗೆ ಬಂದು ನಿಂತಳು. ಅವನು ತಲೆ ತಗ್ಗಿಸಿ, ಎಂಟೂವರೆಗೆ ಅಳೆದ ಕೂಡಲೇ ನಿನಗೇ ಕೊಡುತ್ತೇನೆ ಆಯಿ ಎಂದನಂತೆ.

“ಹೊತ್ತು ಮೂಡಿದ ನೀರು ತಗೊಂಡು ನಾ ಏನ್ ಬಾಂಡೆ ತೊಳೀಲ್ಯಾ? ಮಗಿ ನೀರಿಗೆ ಕೀಲಿ ಹಾಕಿದ್ದು ನಾ ಇವತ್ತ ನೋಡಿದ್ನೋ ಬೀರ್ಯಾ. ನಿನ್ನ ಕೈಲೆ ನೋಡಿದ್ನಲ್ಲ.”

ಅವನನ್ನು ಹೊಕ್ಕುಳಬಳ್ಳಿ ಕತ್ತರಿಸಿ ಈ ಲೋಕಕ್ಕೆ ತಂದವಳೂ ಆಕೆಯೇ. ಆ ದಿನ ಅವನು ಉಣ್ಣಲಿಲ್ಲವೆಂದು ಅವನ ಹೆಂಡತಿ ರಾಮವ್ವ ನನ್ನ ಮನೆಯಲ್ಲಿ ಹೇಳಿ ಹೋದಳು. ದುರ್ಗವ್ವ ಮಾತ್ರ ಉಂಡು, ಹಳೆಯ ಧೋತರ ಹುಡುಕಿ, ಎರಡು ತುದಿಯನ್ನು ತನ್ನ ಕೋಲಿಗೂ ಎರಡು ತುದಿಯನ್ನು ತಮ್ಮ ಕಬ್ಬಿಣದ ಕಂಬಗಳಿಗೂ ಬಿಗಿದು, ಬೇಲಿಯ ಹೊರಗಡೆ ತನ್ನ ಮಾಪಕವನ್ನು ಸ್ಥಾಪಿಸಿಕೊಂಡಳು.

ಈ ವರ್ಷ ದೇಶಕ್ಕೆಲ್ಲ ಒಳ್ಳೆಯ ಮಳೆ. ಮಘೆಯೂ ಸುರಿಯಿತು, ಬಾಟಲಿಗೆ ಕೈ ಹಾಕುವವರು ಇರಲಿಲ್ಲ, ತೊಂಬತ್ತೆರಡು ಮಿಲಿಮೀಟರ್ ದಾಖಲಾಯಿತು. ಸೊನ್ನೆಯಿಂದ ತೊಂಬತ್ತೆರಡಕ್ಕೆ! ಜಗತ್ತಿನ ತಾಪವೇ ಏರುತ್ತಿದೆ, ಹೊಗೆಯಿಂದ ಭೂಮಿ ಬೇಯುತ್ತಿದೆಯೆಂದು ಈ ಬೇಸಿಗೆಯಲ್ಲಿ ವಿದೇಶದ ವಿಜ್ಞಾನಿಗಳು ಚಿಂತಿಸುತ್ತಿರುವ ಸುದ್ದಿಯನ್ನು ನಾವೂ ಓದಿದ್ದೇವೆ. ತಮ್ಮ ವರದಿಯ ಮುನ್ನುಡಿಯೂ ಆ ಚಿಂತೆಯಿಂದಲೇ ಆರಂಭವಾಗಿ, ಎರಡನೆಯ ಪ್ಯಾರಾದಲ್ಲಿ ಪರಿಹಾರವಾಗಿ ಹೋಗುತ್ತದೆ. ಮೋಡ ಆಕರ್ಷಣಾ ವನದ ಪ್ರಭಾವದಿಂದ ರಂಧ್ರ ಮುಚ್ಚಿದೆಯಂತೆ. ರಕ್ಷಾಪುಟದ ಮೇಲೆ ದುರ್ಗವ್ವನ ಫೋಟೋ ಇದೆ. ಬೇಲಿಯ ಕಂಬಕ್ಕೆ ಧೋತರ ಕಟ್ಟುತ್ತಿದ್ದಾಳೆ. ಕೆಳಗೆ, ‘ಹವೆ ಸುಧಾರಣೆಯ ಸಂತಸದಲ್ಲಿ ಗ್ರಾಮದ ವೃದ್ಧೆಯಿಂದ ಬಿಳಿಯ ಬಾವುಟದ ಆರೋಹಣ’ ಎಂದು ಅಚ್ಚಾಗಿದೆ. ಅದನ್ನು ಓದಿ ಹೇಳಿದಾಗ ಆಕೆ ಫೋಟೋವನ್ನು ದೂರ ಹಿಡಿದು ನೋಡಿ, ಸೀರೆಯ ನಿರಿಗೆ ಸರಿ ಬಂದಿಲ್ಲವೆಂದಷ್ಟೇ ಹೇಳಿದಳು.

ಇನ್ನು ಏಳನೆಯ ತಾರೀಖಿನ ಸಮಾರಂಭ. ತಮಗೆ ಹಾರ ಹಾಕಿದ ಮಲಕಪ್ಪನು ಕೆಳಗಿಳಿಯದೆ ಅಲ್ಲಿಯೇ ನಿಂತು, ಕೆರೆಯ ಕೆಲಸ ಎಂದು ಶುರುವಾಗುವುದೆಂದು ಕೇಳಿದ್ದು ತಮಗೆ ನೆನಪಿರಬಹುದು. ರೋಗ ವಾಸಿಯಾದ ಮೇಲೆ ಔಷಧವೇಕೆ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹಿಂದೆ ಕುಳಿತವರು ಚಪ್ಪಾಳೆ ತಟ್ಟಿದರು. ಆಗ ಆ ಮನುಷ್ಯ, ನನಗೆ ಸುಮ್ಮನಿರಲು ಹೇಳಿದ ಅದೇ ಮನುಷ್ಯ, ಮೈಕಿನ ಮುಂದೆಯೇ ಹೇಳಿಬಿಟ್ಟನು: “ಸಾಹೇಬ್ರ, ಮಗಿ ಎಲ್ಲೂ ಹೋಗಿರಲಿಲ್ರಿ. ನಮ್ಮ ದುರ್ಗವ್ವ ಒಯ್ತಿದ್ಲರಿ. ಕೆರಿ ಮಾತ್ರ ಖರೇನ ಹೂಳಾಗೈತ್ರಿ.”

ತಾವು ನಕ್ಕಿರಿ. ಮನಸಾರೆ ನಕ್ಕಿರಿ. ಮಳೆಯನ್ನು ಮುದುಕಿಯೊಬ್ಬಳು ತಂಬಿಗೆಯಲ್ಲಿ ಒಯ್ಯುತ್ತಾಳೆಂಬ ಕಲ್ಪನೆ ನಮ್ಮ ಜಾನಪದದ ಶ್ರೀಮಂತಿಕೆಯೆಂದೂ, ಇಂಥ ಕಥೆಗಳನ್ನು ಸಂಗ್ರಹಿಸಿಡಬೇಕೆಂದೂ ಹೇಳಿದಿರಿ. ಆರು ವರ್ಷಗಳಲ್ಲಿ ನಿಗಮದ ಮುಂದೆ ಬಾಯಿಬಿಟ್ಟು ಹೇಳಲಾದ ಒಂದೇ ಒಂದು ಸತ್ಯಕ್ಕೆ ಕಥೆಯ ಸ್ಥಾನ ದೊರೆಯಿತು. ಕಥೆಗಳೆಲ್ಲ ವರದಿಯಲ್ಲಿ ಮೊದಲೇ ಜಾಗ ಹಿಡಿದು ಕುಳಿತಿದ್ದವು.

ಇಷ್ಟು ಸಾಧಿಸಿರುವ ನಿಗಮದಿಂದ ಇನ್ನಷ್ಟು ನಿರೀಕ್ಷಿಸುವುದು ನಾಗರಿಕನ ಕರ್ತವ್ಯ. ಆದ್ದರಿಂದ ಮೊದಲನೆಯದಾಗಿ, ಬೀಗದಿಂದ ಮಳೆ ಬರುವುದು ಸಿದ್ಧವಾಗಿರುವಾಗ ದಯವಿಟ್ಟು ನವಲಗುಂದ, ಅಣ್ಣಿಗೇರಿಗಳಿಗೂ ತಲಾ ಒಂದು ಬೀಗ ಮಂಜೂರು ಮಾಡಬೇಕು. ಮೃಗಶಿರೆಯು ಕೆಲವು ವರ್ಷಗಳಿಂದ ಕೆಲಸಕ್ಕೆ ತಡವಾಗಿ ಹಾಜರಾಗುತ್ತಿದೆ, ಅದಕ್ಕೊಂದು ಕಾರಣ ಕೇಳುವ ನೋಟೀಸು ಕಳಿಸಬೇಕು. ಇಪ್ಪತ್ತೇಳು ನಕ್ಷತ್ರಗಳಿಗೂ ಒಬ್ಬೊಬ್ಬ ಗುಮಾಸ್ತನನ್ನು ನೇಮಿಸಿ, ಚಿತ್ತಿಯ ಗುಮಾಸ್ತ ಸ್ವಾತಿಯ ಕಡತ ಮುಟ್ಟದಂತೆ ನೋಡಿಕೊಳ್ಳಬೇಕು. ಭೂಮಿ ಬೇಯುತ್ತಿರುವುದು ನಿಜವೇ ಆಗಿದ್ದಲ್ಲಿ ಸೂರ್ಯನ ಸುತ್ತ ಮುಳ್ಳುತಂತಿ ಹಾಕಿಸಿ, ಎಂಟೂವರೆಗೆ ಮುನ್ನ ತೆರೆಯತಕ್ಕದ್ದಲ್ಲವೆಂದು ಅವನಿಂದಲೂ ಸಹಿ ಪಡೆಯಬೇಕು. ಅಳೆಯುವ ಬಾಟಲಿಯನ್ನು ಸರಿಪಡಿಸಿದರೆ ಆಕಾಶ ಸರಿಯಾಗುತ್ತದೆ ಎಂಬ ತಮ್ಮ ಶೋಧವನ್ನು ಆಸ್ಪತ್ರೆಗಳಿಗೂ ವಿಸ್ತರಿಸಿ, ಜ್ವರ ಬಂದವರ ಥರ್ಮಾಮೀಟರುಗಳನ್ನು ತಣ್ಣೀರಿನಲ್ಲಿ ಅದ್ದುವ ವ್ಯವಸ್ಥೆಯಾದರೆ ನಾಡಿಗೆ ಮಹದುಪಕಾರ.

ಇವೆಲ್ಲ ತಮ್ಮಿಂದ ಸಾಧ್ಯವೆಂದು ನಂಬಿದ್ದೇನೆ. ಅಸಾಧ್ಯವಾದವು ಎರಡಿವೆ, ಹೆದರುತ್ತಲೇ ಕೇಳುತ್ತೇನೆ. ಒಂದು, ಮುಂದಿನ ಮಘೆಯಲ್ಲಿ ಬೀರಲಿಂಗಪ್ಪನಿಗೆ ನಸುಕಿನ ಐದೂವರೆಗೆ ಬಾಗಿಲು ತೆರೆಯಲು ಆ ಒಂದು ಸಾಲಿನ ಅನುಮತಿ. ಅವನು ಈಗ ದುರ್ಗವ್ವನ ಓಣಿಯನ್ನು ತಪ್ಪಿಸಿ, ಸುತ್ತು ಹಾಕಿಕೊಂಡು ಓಡಾಡುತ್ತಾನೆ. ಸರ್ಕಾರಿ ನೌಕರನಿಗೆ ತನ್ನ ಊರಲ್ಲೇ ಒಂದು ಓಣಿ ಕಡಿಮೆಯಾಗಬಾರದು. ಎರಡನೆಯದು ಕೆರೆ. ಈಗ ಅದು ತುಂಬಿ ತುಳುಕುತ್ತಿದೆ, ತಾವು ಅದರ ದಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಆದರೆ ತಾವು ಕಂಡದ್ದು ತಾಟಿನಲ್ಲಿ ತುಂಬಿದ ನೀರು, ಕೊಡದಲ್ಲಿ ತುಂಬಿದ್ದಲ್ಲ. ಶಿವರಾತ್ರಿಗೆ ಅದು ಮುಗಿಯುತ್ತದೆ. ಮುಗಿದ ಮೇಲೆ ಮೂರು ತಿಂಗಳು ತಳ ಒಣಗಿರುತ್ತದೆ. ಹೂಳೆತ್ತಲು ಇರುವುದು ಆ ಮೂರು ತಿಂಗಳೇ. ಗಾಡಿ, ಎತ್ತು, ಸಲಿಕೆ, ಆಳು ಊರಿನವೇ ಆಗುತ್ತವೆಂದು ಮಲಕಪ್ಪ ಹೇಳಿದ್ದಾನೆ, ಎತ್ತಿದ ಹೂಳನ್ನು ಹೊಲಕ್ಕೆ ಹಾಕಿಕೊಳ್ಳಲು ಜನ ಸಿದ್ಧರಿದ್ದಾರೆ. ಮಂಜೂರಾತಿಯೊಡನೆ ಕೆರೆ ತಮ್ಮ ನಿಗಮದ ಹೆಸರಿಗೆ ಹೋಗಿರುವುದರಿಂದ, ಆ ರದ್ದತಿಯ ಕಾಗದವನ್ನು ತಾವೇ ಹಿಂದಕ್ಕೆ ಪಡೆಯದೆ ಯಾರೂ ಸಲಿಕೆ ಹಾಕುವಂತಿಲ್ಲ. ನಮ್ಮ ಹವೆ ಸುಧಾರಿಸಿದ್ದರಿಂದ ಕೆರೆ ಹೋಗುವುದಾದರೆ ಫಲಕವನ್ನು ಬಿಚ್ಚಿಕೊಂಡು ಹೋಗಿ, ನಮ್ಮನ್ನು ಮತ್ತೆ ಕೆಟ್ಟ ಹವೆಯ ಊರೆಂದು ಬರೆದುಕೊಳ್ಳಿ. ಈ ಸಲ ಆ ಮಾತಿಗೆ ನಾವೆಲ್ಲರೂ ಸಹಿ ಹಾಕುತ್ತೇವೆ, ಮತ್ತು ಈ ಸಲ ಅದು ಸುಳ್ಳಾಗುವುದಿಲ್ಲ.

ಟ್ರಂಕಿನಲ್ಲಿದ್ದ ಎರಡನೆಯ ಪತ್ರವನ್ನೂ ಇದರೊಂದಿಗೆ ಲಗತ್ತಿಸಿದ್ದೇನೆ. ಇಪ್ಪತ್ತು ತಿಂಗಳು ತಡವಾಗಿದೆ. ನನ್ನ ಜೀವಮಾನದಲ್ಲಿ ನಾನು ತಡಮಾಡಿದ ಕಾಗದ ಅದೊಂದೇ.

ತಾವು ಸುಧಾರಿಸಿದ ಹವೆಯಲ್ಲಿ ಸಾಧ್ಯವಾದಷ್ಟು ಉಸಿರಾಡಿಕೊಂಡಿರುವ,
ತಮ್ಮ ವಿಶ್ವಾಸಿ,
ಹೊಳಬಸಪ್ಪ ಯಲಿಗಾರ
ನಿವೃತ್ತ ಪೋಸ್ಟ್‌ಮಾಸ್ತರ, ಕುಸುಬಿಹಾಳ

ತಾಜಾ ಕಲಂ: ಈ ಪತ್ರದ ಜೊತೆಗೆ ಒಂದು ಚಿಕ್ಕ ಬಾಟಲಿಯ ಪಾರ್ಸಲು ಬರುತ್ತದೆ. ಧೋತರದಲ್ಲಿ ಹಿಡಿದ ಈ ವರ್ಷದ ಮಘೆಯ ನೀರು. ತಮ್ಮ ತೊಂಬತ್ತೆರಡು ಮಿಲಿಮೀಟರಿನಲ್ಲಿ ಸೇರಿದ್ದಲ್ಲ. ದುರ್ಗವ್ವ ತನ್ನಲ್ಲಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ತಾನಾಗಿ ತಂದುಕೊಟ್ಟಳು, ಕೇಳಿದವರಿಗೆ ಇಲ್ಲವೆನ್ನಬಾರದು, ಕೇಳಲು ತಿಳಿಯದವರಿಗೆ ಮೊದಲೇ ಕೊಡಬೇಕು ಎಂದಳು. ಬಳಸುವ ಕ್ರಮವನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ: “ದೊಡ್ಡ ಸಾಹೇಬ್ರ ಕಣ್ಣಿಗೆ ಎರಡೆರಡ ಹನಿ. ಹೊತ್ತು ಮೂಡೂದ್ರಾಗ. ಕಾಗದ ಓದಾಕ ಕುಂಡ್ರೂಕಿಂತ ಮೊದಲ.” ಬಾಟಲಿಯ ಬೂಚು ಸ್ವಲ್ಪ ಸಡಿಲವಿದೆ. ಒಂದು ವೇಳೆ ಅದು ಖಾಲಿಯಾಗಿ ತಮ್ಮ ಮೇಜಿಗೆ ಬಂದರೆ, ಈ ವರ್ಷ ಮಘೆ ಬರಲಿಲ್ಲವೆಂದು ದಯವಿಟ್ಟು ಬರೆದುಕೊಳ್ಳಬೇಡಿ. ದಾರಿಯಲ್ಲಿ ಯಾರಿಗೋ ಕಣ್ಣು ಬೇನೆಯಾಗಿತ್ತೆಂದು ತಿಳಿಯಬೇಕು.